ಮೂರನೇ ತಿರುವಿನ ಮುನೇಶ್ವರ

“ಭಾನುವಾರ ಕಾರ್ ಪಂದ್ಯದಲ್ಲಿ ಬೆಟ್ಟ ಹತ್ತಿ ತೋರಿಸ್ತೀನಿ. ಆಮೇಲೆ ನೀನು ಕಾರಿನ ಕೀ ಕೇಳಬಾರದು” ಎಂದು ಹೆಂಡತಿ ಮಮತಳ ಮುಂದೆ ಘೋಷಿಸಿಬಿಟ್ಟೆ. ಅವಳಿಗೆ ಲೈಸೆನ್ಸ್ ಬಂದು ವರ್ಷಗಳಾಗಿವೆ. ಕೀ ಮಾತ್ರ ನನ್ನ ಜೇಬು ಬಿಟ್ಟು ಕದಲಿಲ್ಲ.

“ನೀವೇ ಕೊನೆಯವರಾದ್ರೆ?”

“ಕೀ ನಿನ್ದೇ. ದೊಡ್ಡಬೆಳವಂಗಲದಿಂದ ಸೋಂಪುರದ ಫ್ಯಾಕ್ಟರಿಗೆ ದಿನಾ ಓಡಿಸೋ ಕೈ ಕಣೇ ಇದು.”

ಈ ಹುಚ್ಚು ಹಿಡಿಸಿದವನು ಫ್ಯಾಕ್ಟರಿಯ ಗೆಳೆಯ ಬೈರೇಶ್. ಹವ್ಯಾಸಿಗಳ ಕ್ಲಬ್ಬೊಂದು ಬೆಟ್ಟದ ರಸ್ತೆಗೆ ಅನುಮತಿ ಪಡೆದು, ಬೇರೆ ವಾಹನಗಳನ್ನು ತಡೆದು, ಒಂದೊಂದೇ ಕಾರನ್ನು ಮೇಲಕ್ಕೆ ಬಿಟ್ಟು ಯಾರು ಬೇಗ ಹತ್ತಿದರೆಂದು ಸಮಯ ನೋಡುತ್ತದಂತೆ. ಬೈರೇಶ್ ಅಲ್ಲಿ ಮೂರನೇ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವವನು.

“ಮನೆ ಕಾರೇ ಸಾಕು ಗುರು. ಆದ್ರೆ ಒಂದ್ಸಲ ಹೋಗಿ ಬೆಟ್ಟ ನೋಡ್ಕೊಂಡು ಬಾ” ಎಂದ.

“ಬೆಟ್ಟ ಎಲ್ಲಿಗೆ ಓಡೋಗುತ್ತೋ?” ಎಂದೆ.

ಭಾನುವಾರ ಬೆಟ್ಟದ ಬುಡದಲ್ಲಿ ತಪಾಸಣೆ. ಕಾರಿನೊಳಗೆ ಬಿಡಿ ಸಾಮಾನು ಇರಕೂಡದಂತೆ. ರಾಗಿಹಿಟ್ಟಿನ ಚೀಲ, ಕೊಡೆ, ನಮ್ಮತ್ತೆಯ ಒಂಟಿ ಚಪ್ಪಲಿ ಹೊರಬಂದವು. ಕೊನೆಗೆ ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಮುನೇಶ್ವರನಿಗೂ ಕ್ಲಬ್ಬಿನವರು ಕೈ ಹಾಕಿದರು.

“ಸಾರ್, ಅದು ದೇವರು.”

“ಅಂಟಿಸಿಲ್ವಲ್ಲ. ತಿರುವಲ್ಲಿ ಹಾರಿ ನಿಮ್ಮ ಮೂಗಿಗೇ ಬರ್ತಾನೆ.”

ಜೊತೆಗೆ ಬಂದಿದ್ದ ಮಮತ ಮುನೇಶ್ವರನನ್ನು ಎತ್ತಿಕೊಂಡು ಕ್ಲಬ್ಬಿನ ಜೀಪು ಹತ್ತಿ ಮೇಲಕ್ಕೆ ಹೋದಳು. ದೇವರಿಲ್ಲದ ಕಾರಿನಲ್ಲಿ ನಾನೊಬ್ಬನೇ ಉಳಿದೆ.

ನನ್ನ ಮುಂದಿದ್ದ ಕಾರು ಹೊರಟಿತು. ಅದೂ ನನ್ನದರಂಥದ್ದೇ ಮನೆ ಕಾರು. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗಿ, ಸದ್ದು ಮಾತ್ರ ಬಂಡೆಯಿಂದ ಬಂಡೆಗೆ ಏರುತ್ತ ಹೋಯಿತು.

ನನಗೂ ಹಸಿರು ದೀಪ ಬಂತು. ಒತ್ತಿದೆ. ಅಬ್ಬಾ! ದಿನಾ ಸೊಪ್ಪು, ಹಾಲು ಹೊರುವ ಈ ಪ್ರಾಣಿಯ ಹೊಟ್ಟೆಯಲ್ಲಿ ಇಂಥ ಗರ್ಜನೆ ಅಡಗಿತ್ತೇ? ಬಂಡೆಗಳು ಮೈಮೇಲೆ ಬಂದು ಪಕ್ಕಕ್ಕೆ ಸರಿದವು. ಎರಡನೇ ತಿರುವಿನಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಹೆದರುತ್ತಲೇ ಖುಷಿಗೆ ಕೂಗಿಕೊಂಡೆ.

ಮೂರನೇ ತಿರುವಿಗೆ ಬಂದರೆ ಸುಣ್ಣ ಬಳಿದ ಗುಡಿ, ನಿಂಬೆಹಣ್ಣಿನ ಹಾರ, ಹುರಿಮೀಸೆ. ಸಾಕ್ಷಾತ್ ಮುನೇಶ್ವರ!

ಕಾಲು ತಾನಾಗಿ ಬ್ರೇಕ್ ತುಳಿಯಿತು. ಫ್ಯಾಕ್ಟರಿ ದಾರಿಯ ಮುನೇಶ್ವರನ ಮುಂದೆ ದಿನವೂ ಮಾಡುವಂತೆ ಎಂಜಿನ್ ಆರಿಸಿ, ಇಳಿದು, ಶೂ ಬಿಚ್ಚಿ ಕೈಮುಗಿದೆ.

ಬೈರೇಶ್ ಓಡಿಬಂದ. “ಏನಾಯ್ತಲಾ? ಕಾರು ಕೆಟ್ಟೋಯ್ತಾ?”

ಕೈಮುಗಿದಾಗ ನಾನು ಮಾತಾಡುವವನಲ್ಲ. ಅವನು ಗಾಬರಿಬಿದ್ದು, ಪಂದ್ಯ ನಿಲ್ಲಿಸುವ ಕೆಂಪು ಬಾವುಟ ಎತ್ತಿಬಿಟ್ಟ. ಕೆಳಗಿನಿಂದ ಆಂಬುಲೆನ್ಸ್ ಬಂತು. ಅದರ ಹಿಂದೆಯೇ ಕೆಟ್ಟ ಕಾರು ಎಳೆಯುವ ಲಾರಿ ಬಂತು. ಎರಡರ ಡ್ರೈವರುಗಳೂ ದಡಬಡ ಇಳಿದರು, ಗುಡಿ ನೋಡಿದರು, ಚಪ್ಪಲಿ ಬಿಟ್ಟು ನನ್ನ ಪಕ್ಕದಲ್ಲೇ ಕೈಮುಗಿದು ನಿಂತರು.

ಶೂ ಲೇಸು ಕಟ್ಟುವಾಗ ನನಗೆ ಪಂದ್ಯದ ನೆನಪಾಯಿತು.

ಮೇಲೆ ತಲುಪಿದಾಗ ಮಮತ ಕೈ ಚಾಚಿ ನಿಂತಿದ್ದಳು. “ನಡ್ಕೊಂಡು ಹತ್ತಿದೋರೂ ನಿಮಗಿಂತ ಮುಂಚೆ ಬಂದ್ರು. ಕೊಡ್ರೀ ಕೀ.”

“ದೇವರನ್ನ ದಾಟ್ಕೊಂಡು ಹೆಂಗೆ ಬರಲೇ?”

“ಕೊಡಿ ಅಂದೆ.”

ನಾನು ಕೀ ಕೊಟ್ಟೆ, ಅವಳು ಮುನೇಶ್ವರನನ್ನು ಕೊಟ್ಟಳು. ಪಂದ್ಯ ಮುಗಿದ ಮೇಲೆ ಅವಳೇ ಕಾರು ಇಳಿಸಿದಳು. ಗೇರು ಬದಲಾದದ್ದೇ ತಿಳಿಯಲಿಲ್ಲ. ಟೈರು ಒಮ್ಮೆಯೂ ಕಿರುಚಲಿಲ್ಲ. ಇಷ್ಟು ವರ್ಷ ಈ ಕೈಗೆ ಕೀ ಕೊಡದೆ ಕೂತಿದ್ದೆನಲ್ಲ ಎಂದು ಬೆರಗಾಗಿ ನೋಡುತ್ತಿರುವಾಗಲೇ ಗುಡಿ ಬಂತು. ಅವಳು ಪೀಂ ಪೀಂ ಎಂದು ಹಾರ್ನ್ ಹೊಡೆದು, ತಿರುವನ್ನು ನುಣ್ಣಗೆ ದಾಟಿಬಿಟ್ಟಳು.

“ಲೇ, ಮುನೇಶ್ವರ ಕಣೇ! ನಿಲ್ಸಲ್ವಾ?”

“ಯಾಕ್ರೀ? ಅವನು ನಿಮ್ಮ ಮಡಿಲಲ್ಲೇ ಕೂತಿದ್ದಾನಲ್ಲ. ಕೈ ಮುಗ್ಕೊಳ್ಳಿ.”