ಸ್ಟಿಕರ್ ಮಡಚದೆ ಕಮಲಾಪುರ ಮುಟ್ಟಿಸಿದ್ದು

ನಮ್ಮ ಮನೆಯಲ್ಲಿ ಒಂದು ವಾರ ಎಡವಟ್ಟಿಲ್ಲದೆ ಕಳೆಯಿತೆಂದರೆ ಆ ವಾರ ಯಾವ ಪಾರ್ಸಲ್ಲೂ ಹೋಗಿಲ್ಲ ಎಂದೇ ತಿಳಿಯಬೇಕು. ಪಾರ್ಸಲ್ ಕಟ್ಟುವವಳು ನಾನು. ಅದು ಕೆಟ್ಟರೆ ಬೈಸಿಕೊಳ್ಳುವವಳೂ ನಾನೇ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಕಲಬುರಗಿಯ ಒಂದು ಛಾಪಖಾನೆಯಲ್ಲಿ ಅಕ್ಷರ ತಿದ್ದುವ ಕೆಲಸದಲ್ಲಿದ್ದ ನಮ್ಮ ಮನೆಯವರು ಇದ್ದಕ್ಕಿದ್ದಂತೆ ನೌಕರಿ ಬಿಟ್ಟು, ಅದೇ ಊರಿನ ಗಾಜಿಪುರ ಓಣಿಯ ನಮ್ಮ ಮನೆಯ ಪಡಸಾಲೆಗೆ ಸ್ಟಿಕರ್ ಕತ್ತರಿಸುವ ಯಂತ್ರ ತಂದಿಟ್ಟರು. ಗಾಡಿಗಳ ಮೇಲೆ ಅಂಟಿಸುತ್ತಾರಲ್ಲ, ಹೂವು, ನವಿಲು, ‘ತಾಯಿಯ ಆಶೀರ್ವಾದ’, ಅವು. ನಮ್ಮ ಕಡೆ ಅವಕ್ಕೆಲ್ಲ ರೇಡಿಯಂ ಎಂದೇ ಹೆಸರು. ಕೋಟೆಯ ಹತ್ತಿರದ ಇಂಟರ್ನೆಟ್ ಅಂಗಡಿಯವನ ಕೈಯಲ್ಲಿ ಒಂದು ವೆಬ್‌ಸೈಟನ್ನೂ ಮಾಡಿಸಿದರು.

“ಇನ್ನ ನೋಡು, ಜಗತ್ತಿನ ಮೂಲಿಮೂಲಿಯಿಂದ ಆರ್ಡರ್ ಬರ್ತಾವ” ಎಂದರು.

ನಮ್ಮ ಅತ್ತೆಯವರಿಗೆ ಇದು ಸುತರಾಂ ಸೇರಲಿಲ್ಲ. “ಛಾಪಖಾನಿಯವರು ಆ ಖುರ್ಚಿಗೆ ಇನ್ನೂ ಯಾರನ್ನೂ ತಗೊಂಡಿಲ್ಲಂತ” ಎಂದು ದಿನಾ ಬೆಳಿಗ್ಗೆ ಚಹಾದ ಜೊತೆ ವರದಿ ಒಪ್ಪಿಸುತ್ತಿದ್ದರು.

ಜಗತ್ತಿನ ಮೂಲೆ

ಒಂದು ತಿಂಗಳು ಕಾದ ಮೇಲೆ ಜಗತ್ತಿನ ಒಂದು ಮೂಲೆಯಿಂದ ಮೊದಲ ಆರ್ಡರ್ ಬಂತು. ಆ ಮೂಲೆ ಕಮಲಾಪುರ. ನಮ್ಮ ಮನೆಯಿಂದ ಒಂದು ತಾಸಿನ ದಾರಿ.

ಕಳಿಸಿದವರು ಅಲ್ಲಿ ಗಾಡಿಗಳ ಬಿಡಿಭಾಗ ಮಾರುವ ಸಾಹುಕಾರರು. ಅಂಗಡಿಗೆ ಹೊಸ ಕಂಪ್ಯೂಟರ್ ತಂದಿದ್ದರು, ಅದರಿಂದ ಏನಾದರೂ ತರಿಸಲೇಬೇಕಿತ್ತು. ಇಮೇಲ್ ಕಳಿಸಿದ ಹತ್ತು ನಿಮಿಷಕ್ಕೆ ಫೋನ್ ಮಾಡಿದರು. “ಅಕ್ಕಾರ, ಇಮೇಲ್ ಹಾಕೀನಿ, ಬಂತೇನ್ರಿ?” ಇಮೇಲ್ ನೋಡಬೇಕಾದರೆ ನಮ್ಮವರು ಕೋಟೆಯ ತನಕ ಹೋಗಬೇಕು. ಅವರು ಹೋಗಿ ನೋಡಿ ಬರುವುದರೊಳಗೆ ಇನ್ನೆರಡು ಸಲ ಫೋನು. ಮರುದಿನ ಬೆಳಿಗ್ಗೆ ಸಾಹುಕಾರರೇ ನಮ್ಮ ಬಾಗಿಲಲ್ಲಿ ನಿಂತಿದ್ದರು.

“ಇಮೇಲ್ ಬಂದದೋ ಇಲ್ಲೋ ಕೇಳಿ ಹೋಗಮಂತ ಬಂದೆ” ಎಂದರು.

ಚಹಾ ಕೊಟ್ಟೆ. ಮಾಲು ಆಗಲೇ ತಯಾರಿತ್ತು. ತಂದು ಮುಂದಿಟ್ಟು, “ಹೆಂಗೂ ಬಂದೀರಿ, ತಗೊಂಡ ಹೋಗ್ರಿ” ಎಂದೆ. ಅವರು ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು.

“ಛೇ ಛೇ, ಕೈಲೆ ಒಯ್ದ್ರ ಹೆಂಗ್ರಿ? ಆನ್‌ಲೈನ್ ಆರ್ಡರ್ ಅಲ್ಲೇನ್ರಿ ಇದು? ಪಾರ್ಸಲ್ಲಾಗೇ ಬರಬೇಕು.”

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಂದು ಕರಾರನ್ನೂ ಹಾಕಿದರು. “ಮೂರು ಸಲ ನೋಡ್ತೀನ್ರಿ. ಒಮ್ಮೆರೆ ಮಾಲು ಬರೊಬ್ಬರಿ ಬಂತಂದ್ರ ವರ್ಷಪೂರ್ತಿ ನಿಮ್ಮ ಕಡೀನ ತಗೋತೀನಿ. ಮೂರೂ ಸಲ ಕೆಡ್ತು, ಹೈದ್ರಾಬಾದಿನಿಂದ ತರಸ್ತೀನಿ.”

ಅವರು ಹೋದ ಮೇಲೆ ನಮ್ಮವರು ಗಂಭೀರವಾಗಿ ನನ್ನ ಕಡೆ ತಿರುಗಿದರು. “ಮೂರೂ ಕೆಟ್ವಂದ್ರ ನಾ ಮತ್ತ ಛಾಪಖಾನಿ ಬಾಗಿಲಾ ಬಡೀಬೇಕಾಗ್ತದ. ಕತ್ತರಸೋದು ನಂದು, ಮುಟ್ಟಸೋದು ನಿಂದು.” ಬರಿಗೈಯಲ್ಲಿ ವಾಪಸ್ಸು ಹೋದ ಆ ಮನುಷ್ಯನ ಕೈಗೆ ಮಾಲನ್ನು ಅಲ್ಲೇ ತುರುಕಿ ಬಾಗಿಲು ಹಾಕಿಕೊಳ್ಳಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಇಸ್ತ್ರಿ

ಮೊದಲ ಪಾರ್ಸಲ್ಲನ್ನು ಅಗಲವಾದ ರಟ್ಟಿನ ನಡುವೆ ಇಟ್ಟು ಕಟ್ಟಿದೆ. ಮಡಿಕೆ ಬಿದ್ದರೆ ರೇಡಿಯಂ ಮುಗಿಯಿತು, ಬಿಳಿ ಗೆರೆ ಏಳುತ್ತದೆ, ಮತ್ತೆ ಹೋಗುವುದಿಲ್ಲ. ಇದನ್ನೆಲ್ಲ ಕಮಲಾಪುರಕ್ಕೆ ಹೋಗುವ ಟೆಂಪೊದವನಿಗೆ ಎರಡೆರಡು ಸಲ ಹೇಳಿದೆ. ಅವನು ತುಂಬ ಶ್ರದ್ಧೆಯಿಂದ ತಲೆಯಾಡಿಸಿದ.

ಸಂಜೆಗೆ ಫೋನು ಬಂತು. “ಅಕ್ಕಾರ, ನಾಕು ಮಡಿಕಿ ಆಗ್ಯಾದ್ರಿ. ಒಂದು ಹೋತು.”

ಮರುದಿನ ಟೆಂಪೊದವನನ್ನು ಹಿಡಿದು ನಿಲ್ಲಿಸಿದೆ. “ಮಡಚಬ್ಯಾಡ ಅಂತ ಹೇಳಿದ್ದೆ ಇಲ್ಲೋ?”

“ಹೇಳಿದ್ರಿ ಖರೆ. ಆದರ ಉದ್ದ ಭಾಳ ಇತ್ರಿ ಅದು, ಮಂದಿ ಕಾಲಾಗ ಬರ್ತಿತ್ತು. ಅದಕ್ಕ ನಾಜೂಕ ಮಡಚಿ, ಬಿಚ್ಚಿಕೊಳ್ಳಬಾರದಂತ ನನ್ನ ಸೀಟಿನ ಕೆಳಗ ಇಟ್ಟು, ಕಮಲಾಪುರ ಬರೋತನಕ ಮ್ಯಾಲಿಂದ ಎದ್ದೇ ಇಲ್ರಿ. ಇಸ್ತ್ರಿ ಮಾಡಿದಂಗ ಇತ್ತು ನೋಡ್ರಿ!”

ನಾನು ಬೈಯುವುದನ್ನು ಬಿಟ್ಟು, ಬಾಯ್ತುಂಬ ಹೊಗಳುತ್ತೇನೆಂದು ಆ ಪುಣ್ಯಾತ್ಮ ಕಾಯುತ್ತ ನಿಂತಿದ್ದ.

ಹೊಸದು ಹೊಸದಾಗಿರಲಿ

ಎರಡನೆಯ ಸಲ ನೀರಿನ ಪೈಪು ಕತ್ತರಿಸಿ, ಎರಡು ಸ್ಟಿಕರುಗಳನ್ನು ಸುತ್ತಿ ಒಳಗಿಟ್ಟು ಎರಡೂ ಬಾಯಿಗೆ ಬಿರಡೆ ಬಡಿದೆ. ಅದರ ಮೇಲೆ ಆನೆ ಕೂತರೂ ಮಡಚುವಂತಿರಲಿಲ್ಲ. ಕಮಲಾಪುರಕ್ಕೆ ಹೋದದ್ದೂ ಸುಖವಾಗಿಯೇ. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ನಾಲ್ಕು ದಿನಕ್ಕೆ ಸಾಹುಕಾರರ ಫೋನು. “ಇದಕ್ಕ ಅಂಟೇ ಇಲ್ರಿ ಅಕ್ಕಾರ. ಗೋಂದು ಹಚ್ಚಿ ಕೂಡಸೀನಿ.”

ಹಿಂದಿನ ಕಾಗದ ತೆಗೆಯದೆ, ಆ ಕಾಗದಕ್ಕೇ ಗೋಂದು ಬಳಿದು ತಮ್ಮ ಸ್ಕೂಟರಿಗೆ ಮೆತ್ತಿದ್ದರು! ಸಿಟ್ಟು ನುಂಗಿಕೊಂಡು ವಿವರಿಸಿದೆ. ನಡುವೆ ಇರುವುದು ಅಸಲು ಸ್ಟಿಕರು. ಹಿಂದಿನ ಕಾಗದ ತೆಗೆದು ಅಂಟಿಸಬೇಕು, ಅಂಟಿದ ಮೇಲೆ ಮುಂದಿನ ಟೇಪು ತೆಗೆಯಬೇಕು. ಉಳಿದ ಇನ್ನೊಂದನ್ನು ಹಾಗೆ ಅಂಟಿಸುತ್ತೇನೆಂದರು.

ಮತ್ತೆರಡು ದಿನಕ್ಕೆ ಮತ್ತೆ ಫೋನು. “ಅಂಟ್ಯಾದ್ರಿ. ಆದರ ಅಕ್ಷರ ಮಸಕ್ ಮಸಕ್ ಕಾಣ್ತಾವು.”

“ಮ್ಯಾಲಿನ ಟೇಪು ತಗದೀರೇನ್ರಿ ಸಾವ್ಕಾರ್ರ?”

“ಅದ್ಯಾಕ ತಗೀಲಿ? ಹೊಸಾ ಸಾಮಾನದ ಮ್ಯಾಲಿನ ಹಾಳಿ ಯಾರರೆ ತಗೀತಾರೇನ್ರಿ? ಧೂಳಾ ಹತ್ತತದಲ್ಲ. ನಮ್ಮ ಮನಿ ಫ್ರಿಜ್ಜಿಗೆ ಆರು ವರ್ಷ ಆತು, ಇನ್ನೂ ತಗದಿಲ್ಲ.”

ಫೋನನ್ನು ಕಿವಿಯಿಂದ ದೂರ ಹಿಡಿದು ಗೋಡೆಗೆ ಹಣೆ ಒತ್ತಿ ನಿಂತೆ. ಆ ಕಡೆಯಿಂದ ದನಿ ಇನ್ನೂ ಬರುತ್ತಲೇ ಇತ್ತು. “ಮಸಕ್ ಮಾಲು ಕಳಿಸೀರಿ. ಎರಡು ಹೋತು ನೋಡ್ರಿ!”

ಮಡಿ

ಎರಡು ಹೋದದ್ದಕ್ಕೆ ನಿಜವಾಗಿ ಹಿಗ್ಗಿದವರು ಅತ್ತೆಯವರು. ಮಗನ ನೌಕರಿಗೋಸ್ಕರ ರಾಯರಿಗೆ ಪ್ರದಕ್ಷಿಣೆ ಹಾಕಿ ಬರುತ್ತೇನೆಂದು ಮಡಿ ಉಟ್ಟು ಮಠಕ್ಕೆ ಹೊರಟರು. ಹೊರಡುವ ಮುಂಚೆ ಎರಡು ನಿಮಿಷ ಪಡಸಾಲೆಯ ಬೆಂಚಿನ ಮೇಲೆ ಒರಗಿ ಕೂತಿದ್ದರು. ಆ ಬೆಂಚಿನ ಒರಗುವ ಹಲಗೆಗೆ, ನಮ್ಮವರು ತಪ್ಪಾಗಿ ಕತ್ತರಿಸಿದ್ದ ಒಂದು ಲಾರಿಯ ಸ್ಟಿಕರನ್ನು ನಾನು ಅಂಟು ಮೇಲಾಗಿ ಸಿಕ್ಕಿಸಿ ಮರೆತಿದ್ದೆ.

ಮಠದಲ್ಲಿ ಅವತ್ತು ಗುರುವಾರ, ಕಾಲಿಡಲು ಜಾಗವಿಲ್ಲದಷ್ಟು ಜನ. ಅತ್ತೆಯವರು ಮಾತ್ರ ಅರ್ಧ ತಾಸಿನಲ್ಲೇ ವಾಪಸ್ಸು ಬಂದರು. ಮುಖ ಅರಳಿತ್ತು.

“ಕಾಲಾ ಕೆಟ್ಟದ ಅಂತೀವಿ, ಏನೂ ಕೆಟ್ಟಿಲ್ಲವಾ! ಮಡೀಲೆ ಇದ್ದವರಿಗೆ ಇನ್ನೂ ಮರ್ಯಾದಿ ಅದ. ಒಬ್ಬರರೆ ಮೈಗೆ ಹತ್ತಲಿಲ್ಲ. ಹಿಂದ ನಿಂತವರು ನನ್ನ ನೋಡಿದ್ದೇ ತಡಾ ಎರಡು ಮಾರು ದೂರ ಸರಿದ್ರು.”

ಒಳಗೆ ಹೋಗಲು ಅವರು ತಿರುಗಿದಾಗ ಬೆನ್ನಿನ ಮೇಲೆ ಹಳದಿ ಅಕ್ಷರಗಳು ಫಳಫಳ ಹೊಳೆಯುತ್ತಿದ್ದವು: ‘ಅಂತರವಿರಲಿ’.

ಮೂರನೆಯದು

ಉಳಿದದ್ದು ಒಂದೇ ಅವಕಾಶ. ಈ ಸಲ ಸಾಹುಕಾರರು ಇಮೇಲಿನಲ್ಲಿ, ಏನು ಕಳಿಸಬೇಕೆಂಬುದನ್ನು ನಮಗೇ ಬಿಟ್ಟಿದ್ದರು. ಜೀಪಿನವರಿಗೆ ಹಿಡಿಸುವಂಥ ಹೊಸ ಮಾಲು ಇರಲಿ, ಅಷ್ಟೆ. ನಮ್ಮವರು ಮೂರು ದಿನ ಕಣ್ಣು ಕೆಂಪಾಗುವ ತನಕ ಕೂತು ನವಿಲು, ಹದ್ದು, ಓಡುವ ಕುದುರೆ ಎಂದು ಹನ್ನೆರಡು ಸ್ಟಿಕರ್ ಕತ್ತರಿಸಿದರು. ಅಷ್ಟು ಚೆಂದದ ಕೆಲಸ ಅವರ ಕೈಯಿಂದ ಮೊದಲು ಬಂದಿರಲಿಲ್ಲ. ನನಗೆ ಅದನ್ನು ನೋಡಿದರೆ ಹೆಮ್ಮೆ, ಕಳಿಸಬೇಕೆಂದರೆ ಹೆದರಿಕೆ.

ನಯವಾದ ಎರಡು ಬಿಳಿ ಪ್ಲಾಸ್ಟಿಕ್ ಹಲಗೆ ತಂದೆ. ಹನ್ನೆರಡನ್ನೂ ಅದರ ನಡುವೆ ಇಟ್ಟು, ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪು ಸುತ್ತಿದೆ. ಆದರೂ ಸಮಾಧಾನವಾಗಲಿಲ್ಲ. ಟೆಂಪೊದವನ ಕುಂಡಿ ಕಣ್ಣ ಮುಂದೆ ಬರುತ್ತಿತ್ತು. “ಅಲ್ರೀ, ಒಂದು ಎಚ್ಚರಿಕಿ ಕತ್ತರಿಸಿ ಕೊಡ್ರಿ. ಕೆಂಪು ರೇಡಿಯಂದಾಗ, ಗೇಣುದ್ದದ ಅಕ್ಷರ” ಎಂದು ನಮ್ಮವರ ಬೆನ್ನು ಬಿದ್ದು ಮಾಡಿಸಿ ಹಲಗೆಯ ಮೇಲೆ ಅಂಟಿಸಿದೆ: ‘ಇದರ ಮೇಲೆ ಯಾರೂ ಕೂಡಬೇಡಿ’.

ಪಾರ್ಸಲ್ ಹೋಯಿತು. ಒಂದು ದಿನ ಫೋನಿಲ್ಲ. ಎರಡು ದಿನ, ಮೂರು ದಿನ, ಫೋನಿಲ್ಲ, ನಾವು ಮಾಡಿದರೂ ಯಾರೂ ಎತ್ತಲಿಲ್ಲ. ಇಮೇಲ್ ಮುಟ್ಟಿತೇ ಎಂದು ಕೇಳಲು ಊರಿಂದ ಬಂದ ಮನುಷ್ಯ, ಪಾರ್ಸಲ್ ಮುಟ್ಟಿದ್ದಕ್ಕೆ ಹೂಂ ಎನ್ನಲಿಲ್ಲ. ನಾಲ್ಕನೆಯ ದಿನ ನಮ್ಮವರು ದಾಡಿ ಮಾಡಿಕೊಂಡು, ಛಾಪಖಾನೆಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿ ತೊಟ್ಟರು. ಅತ್ತೆಯವರು ಮೊಸರು ಸಕ್ಕರೆ ತರಲು ಒಳಗೆ ಹೋದರು.

“ಸಂಜಿತನಕ ತಡೀರಿ. ನಾನ ಹೋಗಿ ನೋಡಿ ಬರ್ತೀನಿ” ಎಂದು ಚೀಲ ಹಿಡಿದು ಕಮಲಾಪುರದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಸಾಹುಕಾರರಿಗೆ ಹೇಳಬೇಕಾದ ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಟ್ಟುಕೊಂಡೆ.

ಅಂಗಡಿಯ ಮುಂದೆ ಒಂದು ಜೀಪು ಹೊರಡಲು ನಿಂತಿತ್ತು. ಒಳಗೆ ಎಷ್ಟು ಜನರಿದ್ದರೋ ದೇವರಿಗೇ ಗೊತ್ತು. ಹಿಂದೆ ಆರು ಜನ ಜೋತುಬಿದ್ದಿದ್ದರು, ಟಾಪಿನ ಮೇಲೆ ಎಂಟು ಮಂದಿ ಬಾಳೆಗೊನೆ ಹಿಡಿದು ಕೂತಿದ್ದರು. ಬಾನೆಟ್ಟಿನ ಮೇಲೆ ಮೂವರು ಹಾಯಾಗಿ ಬೀಡಿ ಸೇದುತ್ತಿದ್ದರು. ಅವರ ಕಾಲುಗಳ ಮಧ್ಯದಿಂದ ಕೆಂಪು ಅಕ್ಷರ ಇಣುಕುತ್ತಿತ್ತು: ‘ಇದರ ಮೇಲೆ ಯಾರೂ ಕೂಡಬೇಡಿ’.

ಜೋಡಿಸಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಮರೆತು ಆ ಅಕ್ಷರಗಳನ್ನು ಇನ್ನೊಮ್ಮೆ ಓದಿದೆ. ಅಷ್ಟರಲ್ಲಿ ಸಾಹುಕಾರರು ಅಂಗಡಿಯಿಂದ ಓಡೋಡಿ ಬಂದರು.

“ಬರ್ರಿ ಬರ್ರಿ ಅಕ್ಕಾರ! ಎಂಥಾ ಮಾಲು ಕಳಿಸೀರಿ! ಒಂದ ಗೆರಿ ಇಲ್ಲ, ಒಂದ ಮಡಿಕಿ ಇಲ್ಲ. ಬಿಸಿಲಿಗಿಟ್ಟು ಹಗೂರಕ ಬಿಡಿಸಿ ಈ ಜೀಪಿಗೆ ಹಚ್ಚೀನಿ. ಊರಾಗಿನ ಜೀಪಿನವರೆಲ್ಲಾ ನಮಗೂ ಬೇಕಂತ ಬೆನ್ನ ಹತ್ಯಾರ, ಫೋನಿಗೂ ಪುರಸೊತ್ತಿಲ್ರಿ. ಪೊಲೀಸರು ಹಿಡದ್ರ, ‘ನಾವು ಬರದ ಹಾಕೀವ್ರಿ, ಮಂದಿ ಕೇಳಂಗಿಲ್ಲ’ ಅನ್ನಾಕ ಬರ್ತದಲ್ಲ! ಐವತ್ತು ಕಳಸ್ರಿ. ಇನ್ನ ವರ್ಷಪೂರ್ತಿ ಮಾಲು ನಿಮ್ಮದ. ಹೈದ್ರಾಬಾದ್ ಸುದ್ದೀನ ಬ್ಯಾಡ.”

ನಮ್ಮವರು ಇನ್ನು ಆ ಅಂಗಿ ಬಿಚ್ಚಿಡಬಹುದು ಎಂದು ಜೀವ ಹಗುರಾಯಿತು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನವಿಲು, ಕುದುರೆಯ ಸುದ್ದಿಯನ್ನೇ ಅವರು ಎತ್ತಿರಲಿಲ್ಲ. ಅಂಗಡಿಯೊಳಗೆ ಇಣುಕಿದೆ. ನನ್ನ ಹಲಗೆ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಒರಗಿ ನಿಂತಿತ್ತು. ನಾಲ್ಕೂ ಅಂಚಿನ ಟೇಪು ನಾನು ಸುತ್ತಿದ ಹಾಗೆಯೇ ಇತ್ತು.

“ಅದಿರಲಿ ಸಾವ್ಕಾರ್ರ, ಒಳಗಿನ ಮಾಲು ಹೆಂಗ ಅನಸ್ತು?” ಎಂದೆ.

ಸಾಹುಕಾರರು ನನ್ನನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡಿದರು.

“ಒಳಗ?” ಎಂದರು. “ಒಳಗೂ ಏನರೆ ಇತ್ತೇನ್ರಿ?”