ನಮ್ಮ ಮಾವನ ಎಡಗಣ್ಣು

ನನ್ನ ಸೋದರಮಾವ ಎಡಗಣ್ಣಿನಲ್ಲಿ ಮಾತ್ರ ಅಳುತ್ತಾನೆ. ನಂಬಿಕೆ ಬರಲಿಲ್ಲವೇ? ಶನಿವಾರ, ಭಾನುವಾರ ಸಂಜೆ ಟಿವಿ ಹಾಕಿ ನೋಡಿ. ಯಾವುದೋ ಊರಿನ ಹುಡುಗಿ ಹಾಡು ಮುಗಿಸುತ್ತಾಳೆ, ಹಿಂದಿನಿಂದ ಪಿಟೀಲು ಶುರುವಾಗುತ್ತದೆ, ಜಡ್ಜ್ ಕುರ್ಚಿಯಲ್ಲಿ ಕೂತ ನಮ್ಮ ಮಾವ ನಿಧಾನವಾಗಿ ಕನ್ನಡಕ ತೆಗೆಯುತ್ತಾನೆ. ಎಡಗಣ್ಣಿನಿಂದ ಒಂದೇ ಒಂದು ಹನಿ ಕೆನ್ನೆಗೆ ಇಳಿಯುತ್ತದೆ. ಬಲಗಣ್ಣು? ಒಣ! ಚಿತ್ರವನ್ನು ಅಲ್ಲೇ ನಿಲ್ಲಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಪರೀಕ್ಷೆ ಮಾಡಿದವಳು ನಾನು.

ನಾನು ಹುಟ್ಟಾ ಅನುಮಾನದ ಪ್ರಾಣಿ. ಸೀರೆ ಅಂಗಡಿಯವರ ರಿಯಾಯಿತಿ, ಆಟೋದವರ ಮೀಟರು, ನನ್ನ ಗಂಡನ ‘ಇನ್ನೈದೇ ನಿಮಿಷ’ ಯಾವುದನ್ನೂ ನಾನು ನಂಬುವುದಿಲ್ಲ. ಇನ್ನು ಒಂದು ಕಣ್ಣಿನ ಅಳು ನಂಬುತ್ತೇನೆಯೇ? ಒಂದು ದಿನ ಕೇಳಿಯೇ ಬಿಟ್ಟೆ.

“ಮಾವ, ನಿನ್ನ ಬಲಗಣ್ಣಿಗೆ ಏನಾಗಿದೆ?”

“ಏನೂ ಆಗಿಲ್ವಲ್ಲೇ. ಯಾಕೆ?”

“ಮತ್ತೆ ಅದ್ಯಾಕೆ ಅಳಲ್ಲ?”

“ಕ್ಯಾಮೆರಾ ಎಡಗಡೆ ಇರತ್ತೆ ಕಣೇ!” ಎಂದ. ಸ್ವಲ್ಪವೂ ನಾಚಿಕೆಯಿಲ್ಲ!

ಟಿವಿಯಲ್ಲಿ ಎಲ್ಲರೂ ಅವನಿಗೆ ‘ಸಾರ್, ಸಾರ್’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಏಕವಚನವೇ. ಅಮ್ಮನ ಕೊನೆಯ ತಮ್ಮ, ನನಗಿಂತ ಏಳೇ ವರ್ಷ ದೊಡ್ಡವನು. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದವಳು ಅಮ್ಮ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಇಡೀ ದಿನ ಕಾಲರ್ ಹೊಲಿದು ಬಂದು, ಸಂಜೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಮುದ್ದೆ ತಿರುಗಿಸುತ್ತಾ ಸೋಬಾನೆ ಪದ ಹಾಡುತ್ತಿದ್ದಳು. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹಸೆಗೆ ಕೂರಿಸುವಾಗ ಅಮ್ಮನೇ ಹಾಡಬೇಕು. ಅವಳು ಬರುವುದು ತಡವಾದರೆ ಮದುಮಗಳನ್ನು ಕೋಣೆಯಲ್ಲೇ ಕಾಯಿಸುತ್ತಿದ್ದರು.

ಮಾವನ ವೃತ್ತಿಜೀವನ ಆರಂಭವಾದದ್ದು ರಾಜಾಜಿನಗರದ ಒಂದು ಕೇಬಲ್ ಚಾನೆಲ್ಲಿನಲ್ಲಿ. ಸಿನಿಮಾ ನಟರ ಮನೆಯ ಗೇಟಿನ ಮುಂದೆ ಮೈಕು ಹಿಡಿದು ನಿಲ್ಲುವುದೇ ಕೆಲಸ. ನಟರು ಮಾತಾಡಿ ಮುಗಿಸಿದಾಗ ಕ್ಯಾಮೆರಾ ಕೈಕೊಟ್ಟಿರುತ್ತಿತ್ತು. ಆಗ ಇವನು ಹಲ್ಲು ಕಿರಿದು “ಸಾರ್, ಒನ್ ಮೋರ್” ಎನ್ನುತ್ತಿದ್ದ. ಆ ‘ಒನ್ ಮೋರ್’ ಅವನ ನಾಲಗೆಗೆ ಅಂಟಿಕೊಂಡುಬಿಟ್ಟಿತು. ದೊಡ್ಡ ಚಾನೆಲ್ಲಿಗೆ ಹೋದರೂ ಬಿಡಲಿಲ್ಲ. ಮನೆಗೆ ನೆಂಟರು ಬಂದರೆ “ಎಂಟ್ರಿ ಸರಿಯಾಗಿ ಬರ್ಲಿಲ್ಲ ಆಂಟಿ, ಇನ್ನೊಂದ್ಸಲ ಬನ್ನಿ” ಎಂದು ವಾಪಸ್ ಬಾಗಿಲಾಚೆಗೆ ಕಳಿಸುತ್ತಿದ್ದ. ಪಾಪ, ಕೆಲವರು ಹೋಗಿ ಮತ್ತೆ ಬರುತ್ತಿದ್ದರು!

ನನ್ನ ಮದುವೆಯಲ್ಲಿ ಇವನೇ ವಿಡಿಯೋ ಉಸ್ತುವಾರಿ. ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು, ತಾಳಿ ಕಟ್ಟಿದ್ದಾಯಿತು. ಅಷ್ಟರಲ್ಲಿ ಮಾವನ ದನಿ: “ಪುರೋಹಿತ್ರ ತಲೆ ಅಡ್ಡ ಬಂತು! ಒನ್ ಮೋರ್!” ನನ್ನ ಗಂಡ ಮೊದಲೇ ಹೇಳಿದ್ದನ್ನು ಕೇಳುವ ಪ್ರಾಣಿ. ಗಂಟು ಬಿಚ್ಚಲು ಕೈ ಹಾಕಿಯೇ ಬಿಟ್ಟರು. ಅವರಮ್ಮ ಫಟ್ಟನೆ ಕೈ ಮೇಲೆ ಬಾರಿಸದಿದ್ದರೆ ಏನಾಗುತ್ತಿತ್ತೋ! ಈಗಲೂ ನಾವು ಜಗಳವಾಡಿದಾಗಲೆಲ್ಲ ಅವರು ನಿಟ್ಟುಸಿರು ಬಿಡುತ್ತಾರೆ: “ಅವತ್ತು ನಿಮ್ಮ ಮಾವ ಒಂದು ಚಾನ್ಸ್ ಕೊಟ್ಟಿದ್ರು ಕಣೇ.”

ಇಂಥವನು ಹಾಡಿನ ಸ್ಪರ್ಧೆಗೆ ಜಡ್ಜ್ ಆದಾಗ ನನಗೆ ಅನುಮಾನ ಬರದೆ ಇರುತ್ತದೆಯೇ? ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ. ಬಾತ್‌ರೂಮಿನಲ್ಲಿ ಹಾಡಿದರೂ ಕೆಳಗಿನ ಮನೆಯವರು ಬಂದು ಏನಾಯಿತೆಂದು ವಿಚಾರಿಸುತ್ತಾರೆ.

“ನಿಜ ಹೇಳು ಮಾವ, ಯಾರ ಕೈಕಾಲು ಹಿಡಿದೆ?”

“ನಾನು ಅಲ್ಲಿಗೆ ಹಾಡೋಕಲ್ಲ ಹೋಗ್ತಿರೋದು, ಕೇಳೋಕೆ. ನಾನು ಕೇಳಿಸ್ಕೊಂಡು ಬೆಳೆದೋನು ಕಣೇ” ಎಂದ.

ಇದೇ ಮಾತನ್ನು ಕಾರ್ಯಕ್ರಮದ ಜಾಹೀರಾತಿನಲ್ಲೂ ಹೇಳಿದ್ದ, ಎಡಗಣ್ಣಿನ ಹನಿಯ ಸಮೇತ. ಹಾಗಾಗಿ ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಜಡ್ಜ್ ಆದಮೇಲೆ ಅವನಿಗೂ ಅನುಮಾನದ ರೋಗ ಅಂಟಿತು, ಎದುರಿಗೆ ಬಂದವರೆಲ್ಲ ಎಲ್ಲಿ ಹಾಡಿಬಿಡುತ್ತಾರೋ ಎಂದು. ಕಾರಣವೂ ಇತ್ತು ಅನ್ನಿ. ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳಲು ನಿಂತರೆ ಸೊಪ್ಪಿನವರು ಹಾಡುತ್ತಿದ್ದರು. ಕುರುಬರಹಳ್ಳಿಯ ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವರು ಹೆಲ್ಮೆಟ್ ತೆಗೆದು ಹಾಡುತ್ತಿದ್ದರು. ಒಮ್ಮೆ ಹಲ್ಲುನೋವೆಂದು ಬಸವೇಶ್ವರನಗರದ ಡಾಕ್ಟರ ಹತ್ತಿರ ಹೋದ. ಅವರು ಇವನ ಬಾಯಿ ಅಗಲಿಸಿ, ಒಳಗೆ ಎರಡು ಉಪಕರಣ ಇಟ್ಟು, ಪೂರ್ತಿ ಒಂದು ಭಾವಗೀತೆ ಹಾಡಿ, “ಹೇಗಿತ್ತು ಸಾರ್?” ಎಂದರಂತೆ.

“ನೀನೇನಂದೆ?”

“ಆ... ಅಂದೆ. ಇನ್ನೇನನ್ನಲಿ? ಅಷ್ಟು ಇಷ್ಟ ಆಯ್ತಾ ಸಾರ್ ಅಂತ ಇನ್ನೊಂದು ಶುರು ಮಾಡಿದ್ರು!”

ಇಷ್ಟೆಲ್ಲ ಜನರಿಗೆ ಎಂಟು, ಒಂಬತ್ತು, ಹತ್ತು ಎಂದು ಮಾರ್ಕ್ಸ್ ಹಂಚುವವನು ಅಮ್ಮನಿಗೆ ಮಾತ್ರ ಒಂದು ಸೊನ್ನೆಯನ್ನೂ ಕೊಡಲಿಲ್ಲ. ಪ್ರತಿ ಸಲ ಅವನು ಮನೆಗೆ ಬಂದಾಗಲೂ ಅಮ್ಮ ಕಾಫಿ ಕೊಟ್ಟು ಕೇಳುತ್ತಿದ್ದಳು: “ನಾನು ಅಲ್ಲಿ ಬಂದು ಹಾಡಿದ್ರೆ ಎಷ್ಟು ಕೊಡ್ತಿದ್ಯೋ?” ಮೇಲೆ ತಮಾಷೆ. ಆದರೆ ಕೇಳಿದ ಮೇಲೆ ಖಾಲಿ ಲೋಟ ವಾಪಸ್ ತೆಗೆದುಕೊಳ್ಳದೆ ನಿಂತಿರುತ್ತಿದ್ದಳಲ್ಲ, ಅದನ್ನು ನಾನು ನೋಡುತ್ತಿದ್ದೆ. ಇವನದು ಒಂದೇ ಉತ್ತರ: “ಸಂಬಂಧಿಕರಿಗೆ ಮಾರ್ಕ್ಸ್ ಕೊಡಂಗಿಲ್ಲ ಕಣಕ್ಕ, ರೂಲ್ಸು.” ರೂಲ್ಸಂತೆ! ಸೂಟು ಹಾಕಿದವನಿಗೆ ಅಕ್ಕನ ಸೋಬಾನೆ ಪದ ನಾಚಿಕೆಯಾಗುತ್ತಿದೆ ಎಂದು ನಾನು ತೀರ್ಮಾನಿಸಿದೆ. ನಿಜ ಹೇಳುತ್ತೇನೆ, ಸಿಟ್ಟೂ ಬಂತು.

ಹೋದ ವರ್ಷ ಅಮ್ಮನ ಕತ್ತಿನಲ್ಲಿ ಗಂಟು ಕಾಣಿಸಿತು. ಥೈರಾಯ್ಡ್ ತೆಗೆಯಬೇಕು ಎಂದರು. ಡಾಕ್ಟರು ಒಳ್ಳೆಯವರು, ಮುಚ್ಚಿಡಲಿಲ್ಲ: “ದನಿಯ ನರ ಪಕ್ಕದಲ್ಲೇ ಇದೆ ಅಮ್ಮ. ಜೀವಕ್ಕೇನೂ ಭಯವಿಲ್ಲ. ದನಿ ಮೊದಲಿನ ಹಾಗೇ ಇರತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ.” ಅಮ್ಮ ಜೀವದ ವಿಚಾರ ಕೇಳಿಸಿಕೊಳ್ಳಲೇ ಇಲ್ಲ. ದಾರಿಯುದ್ದಕ್ಕೂ ಆಟೋದಲ್ಲಿ ಕತ್ತು ಮುಟ್ಟಿಕೊಂಡು ಕೂತಿದ್ದಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಧ್ಯಾಹ್ನ ಮಾವ ಬಂದ. ಹಳೆಯ ಮೈಕು, ರೆಕಾರ್ಡರು ತಂದಿದ್ದ. “ಅಕ್ಕಾ, ಹಸೆಗೆ ಕರೆಯೋ ಪದ ಹೇಳು” ಎಂದ. ಅಮ್ಮ ಸೆರಗು ಸರಿಮಾಡಿಕೊಂಡು ಹಾಡಿದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು. “ಒನ್ ಮೋರ್ ಅಕ್ಕಾ.” ಮತ್ತೆ ಹಾಡಿದಳು. ಬೀದಿಯಲ್ಲಿ ಹೂವಿನವರು ಕೂಗಿದರು. “ಒನ್ ಮೋರ್.” ಮೂರನೆಯ ಸಲ ಒಂದು ಸೊಳ್ಳೆಯೂ ಸದ್ದು ಮಾಡಲಿಲ್ಲ. ಆದರೂ ಒನ್ ಮೋರ್! ನನಗೆ ಅನುಮಾನ ಬಂದು ರೆಕಾರ್ಡರಿನ ಮೇಲೆ ಬಗ್ಗಿ ನೋಡಿದೆ. ಮೂರನೆಯ ಸಲದ ಹಾಡು ಪೂರ್ತಿ ದಾಖಲಾಗಿತ್ತು.

“ಬಂದಿದೆಯಲ್ಲ ಮಾವ! ಪಾಪ, ಯಾಕೆ ಸುಸ್ತು ಮಾಡಿಸ್ತೀಯ?” ಎಂದೆ.

ಅವನು ನನ್ನ ಕಡೆ ನೋಡಲಿಲ್ಲ. “ನೀನು ಸುಮ್ನಿರೇ” ಎಂದ. ಅಮ್ಮ ಐದು ಸಲ ಹಾಡಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು “ಮೆಲ್ಲಗೆ ಮಾತಾಡಿ ನೋಡೋಣ” ಎಂದು ಹೇಳಿ ಹೋದರು. ಅಮ್ಮ ಬಾಯಿ ತೆರೆದಳು. ಒಣಗಿದ ಎಲೆಯ ಮೇಲೆ ಕಾಲಿಟ್ಟಂಥ ಸದ್ದು. ಅಮ್ಮ ನನ್ನನ್ನು ಬಿಟ್ಟು ಮಾವನ ಕಡೆ ತಿರುಗಿ, ಅಷ್ಟು ದನಿಯಲ್ಲೇ ಕೇಳಿದಳು: “ಈಗ್ಲಾದ್ರೂ ಹೇಳೋ. ಎಷ್ಟು ಕೊಡ್ತಿದ್ದೆ?”

ಮಾವ ಮಂಚದ ಅಂಚಿನಲ್ಲಿ ಕೂತ.

“ಅಲ್ಲಿ ಯಾರು ಹಾಡಿದ್ರೂ ನಿನ್ನ ದನಿ ಪಕ್ಕಕ್ಕಿಟ್ಕೊಂಡೇ ಮಾರ್ಕ್ಸ್ ಹಾಕೋದು ಅಕ್ಕಾ ನಾನು. ನಂಗೆ ಬೇರೇನು ಗೊತ್ತು? ನಿಂಗೆ ಹಾಕ್ಬೇಕಾದ್ರೆ ಯಾರನ್ನ ಪಕ್ಕಕ್ಕಿಟ್ಕೊಳ್ಲಿ?”

ಅಮ್ಮ ಅವನ ತಲೆಯ ಮೇಲೆ ಕೈಯಿಟ್ಟಳು. ಅವನು ಕರ್ಚೀಫಿಗಾಗಿ ಜೇಬು ತಡಕಿದ, ಸಿಗಲಿಲ್ಲ. ಕನ್ನಡಕ ತೆಗೆದು ತೋಳಿನಿಂದಲೇ ಮುಖ ಒರೆಸಿಕೊಂಡ. ನಾನು ಅನುಮಾನದವಳಲ್ಲವೇ, ಮಂಚ ಸುತ್ತಿಕೊಂಡು ಹೋಗಿ ಅವನ ಬಲಗಡೆ ನಿಂತು ನೋಡಿದೆ. ಆ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು.