ಕೆಂಚನ ಕೊರಳಪಟ್ಟಿ

ವಯಸ್ಸಾದ ಗಂಡಸಿನ ಕೈಗೆ ಗುಂಡಿ ಇರುವ ಯಾವ ಯಂತ್ರವನ್ನೂ ಕೊಡಬಾರದು. ಮನೆಯಲ್ಲಿ ಯಾರೂ ಮಾತು ಕೇಳದ ಕಾಲದಲ್ಲಿ, ಒತ್ತಿದರೆ ಏನೋ ಒಂದು ನಡೆಯುತ್ತದೆ ಎಂಬ ಸುಖ ತಲೆಗೇರಿಬಿಡುತ್ತದೆ. ನನಗೂ ಏರಿತ್ತು. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಹಮ್ಮು ಮೊದಲೇ ಇತ್ತು.

ರಾಮಾಪುರದ ಕಾಡಂಚಿನ ನಮ್ಮ ಹೊಲಕ್ಕೆ ಹಂದಿ ನುಗ್ಗದಿರಲೆಂದು ಸೋಲಾರ್ ಬೇಲಿ ಹಾಕಿಸಿದ್ದೇವೆ. ತಂತಿಯಲ್ಲಿ ಕರೆಂಟು ಇದ್ದಾಗ ಅದರ ಪೆಟ್ಟಿಗೆ ಟಿಕ್ ಟಿಕ್ ಎನ್ನುತ್ತದೆ. ನಮ್ಮ ನಾಯಿ ಕೆಂಚ ಒಮ್ಮೆ ಮೂಗು ತಾಗಿಸಿ ಕಲಿತ ಪಾಠವನ್ನು ಮರೆತಿಲ್ಲ. ಬೇಲಿಯ ಹತ್ತಿರ ನಿಂತು ಒಂದು ಕಿವಿ ಓರೆ ಮಾಡುತ್ತಾನೆ. ಟಿಕ್ ಟಿಕ್ ಕೇಳಿಸಿದರೆ ಹಿಂದಕ್ಕೆ, ಇಲ್ಲದಿದ್ದರೆ ತಂತಿಯಡಿ ನುಸುಳಿ ಆಚೆಗೆ. ಮೊದಲ ಸಲ ಇದನ್ನು ನೋಡಿದಾಗ ಕುಡುಗೋಲು ಕೆಳಗಿಟ್ಟು ನಿಂತುಬಿಟ್ಟಿದ್ದೆ. ನಾನಾದರೋ ಸ್ವಿಚ್ ಆರಿಸಲು ಮರೆತು, ಅದೇ ತಂತಿ ಹಿಡಿದು ಎಷ್ಟು ಸಲ ಕುಣಿದಿದ್ದೇನೋ ಲೆಕ್ಕವಿಲ್ಲ.

ತಕರಾರು ಬಂದದ್ದು ಪಕ್ಕದ ಪುಟ್ಟಮ್ಮನಿಂದ. ಆಕೆ ರೇಷ್ಮೆ ಹುಳು ಸಾಕುತ್ತಾಳೆ. ಬೇಸಿಗೆಯಲ್ಲಿ ತಂಪಿಗೆಂದು ಹುಳುಮನೆಯ ಬಾಗಿಲಿಗೆ ಒದ್ದೆ ಗೋಣಿ ಕಟ್ಟುತ್ತಾಳೆ. ಹುಳುವಿಗೆ ರೋಗ ತಗಲದಿರಲೆಂದು ಮನುಷ್ಯರೇ ಸುಣ್ಣ ತುಳಿದು ಒಳಗೆ ಹೋಗಬೇಕಾದ ಆ ಹೊಸಿಲಿಗೆ ಅಡ್ಡಲಾಗಿ ನಮ್ಮ ಕೆಂಚ ಮಲಗುತ್ತಿದ್ದ.

"ಅಣ್ಣ, ಹುಳ ಜ್ವರಕ್ಕೆ ಕುಂತವ. ನಿಮ್ ನಾಯಿ ತಿಪ್ಪ ತುಳ್ಕಂಡು ಬಂದು ಬಾಗ್ಲಲ್ಲೇ ಮೈ ಮುರಿತದ. ಹುಳ ಗೂಡು ಕಟ್ನಿಲ್ಲ ಅಂದ್ರ ನೀವು ಬಂದು ಕಟ್ಟೀರಾ?" ಎಂದಳು. ಪೊರೆ ಬಿಡುವ ಮುನ್ನ ಹುಳು ಸೊಪ್ಪು ಬಿಟ್ಟು ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನನಗೆ ಹತ್ತಿದ ಜ್ವರ ಬೇರೆ.

ನಾಯಿಯನ್ನು ಕಟ್ಟಿಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಕೊಳ್ಳೇಗಾಲದ ಒಂದು ಅಂಗಡಿಯಲ್ಲಿ ಕರೆಂಟಿನ ಕೊರಳಪಟ್ಟಿ ಕಂಡಿದ್ದೆ. ಪಟ್ಟಿ ನಾಯಿಯ ಕೊರಳಲ್ಲಿ, ರಿಮೋಟು ನಮ್ಮ ಕೈಯಲ್ಲಿ; ಒತ್ತಿದರೆ ಕೊರಳಿಗೆ ಶಾಕ್. ಬಸ್ಸು ಹತ್ತಿ ಹೋಗಿ ತಂದೆ. ಹೆಂಡತಿ ಚಿನ್ನಮ್ಮನಿಗೆ, "ಇದು ಕಟ್ಟಿದ್ರ ಉಣುಗು ಹತ್ತಕ್ಕಿಲ್ಲ" ಎಂದು, ನಾಯಿಯ ರಕ್ತ ಹೀರುವ ಉಣ್ಣೆಯ ಹೆಸರಲ್ಲಿ ಸುಳ್ಳು ಹೇಳಿದೆ.

ಮಾರನೆಯ ಬೆಳಗ್ಗೆ ಕೆಂಚ ಪುಟ್ಟಮ್ಮನ ಕಡೆಗೆ ಬದು ದಾಟಿದ. ಒತ್ತಿದೆ. ಅದೇ ಗಳಿಗೆಗೆ ಚಿನ್ನಮ್ಮ ಮುದ್ದೆ ಹಿಡಿದು ಹಿತ್ತಲಿಗೆ ಬಂದು, "ಕೆಂಚಾ, ಬಾ ಮಗ" ಎಂದು ಕರೆಯಬೇಕೆ? ಕೆಂಚ ಕುಂಯ್ ಎಂದು ಎಗರಿ ಅವಳತ್ತ ನೋಡಿದ. ನನ್ನತ್ತ ನೋಡಲೇ ಇಲ್ಲ. ಇವಳು ಕರೆದರೆ ಕೊರಳು ಉರಿಯುತ್ತದೆ ಎಂದು ಅವನ ತಲೆಯಲ್ಲಿ ಕೂತುಹೋಯಿತು.

ಅಂದಿನಿಂದ ಅವಳ ದನಿ ಕೇಳಿದರೆ ಬಾಲ ಮಡಚಿ ಓಡುತ್ತಿದ್ದ. ಮರಿಯಾಗಿದ್ದಾಗ ಸೆರಗಿನಲ್ಲಿ ಸುತ್ತಿ ಹಾಲು ಕುಡಿಸಿದವಳು ಅವಳು. ಮುದ್ದೆ ಅವನ ಬಟ್ಟಲಲ್ಲೇ ಒಣಗಿತು. ಅವಳೂ ಸರಿಯಾಗಿ ಉಣ್ಣಲಿಲ್ಲ. "ನಾನೇನ್ ಮಾಡ್ದೆ ಇವ್ನಿಗ?" ಎಂದು ಗೋಡೆಯನ್ನು ಕೇಳುತ್ತಿದ್ದಳು. ಗೋಡೆಯ ಪಕ್ಕ ನಾನಿರುತ್ತಿದ್ದೆ. ಕೊನೆಗೆ ಬಾಯಿಬಿಟ್ಟೆ.

ಅವಳು ಬಯ್ಯಲಿಲ್ಲ. ನನ್ನಿಂದಲೇ ಪಟ್ಟಿ ಬಿಚ್ಚಿಸಿ ತರಿಸಿ, "ಕೈ ನೀಡಿ" ಎಂದಳು.

"ಬ್ಯಾಡ ಕಣೆ, ಬಿಪಿ ಅದ."

"ನೀಡಿ. ಉಣುಗು ಹತ್ತಕ್ಕಿಲ್ಲ."

ಪಟ್ಟಿಯನ್ನು ನನ್ನ ಮಣಿಕಟ್ಟಿಗೆ ಸುತ್ತಿ ರಿಮೋಟು ಒತ್ತಿದಳು. ಚೇಳು ಕುಟುಕಿದಂತಾಯಿತು. ನನಗಾದರೆ ಒತ್ತಿದವರು ಎದುರಿಗೇ ಇದ್ದರು. ಕೆಂಚನಿಗೆ ಅದೂ ಗೊತ್ತಿರಲಿಲ್ಲವಲ್ಲ ಎಂದು ಆಗ ಹೊಳೆಯಿತು.

ಆಮೇಲೆ ಅವಳು ಮುದ್ದೆ ಹಿಡಿದು ಪುಟ್ಟಮ್ಮನ ಹುಳುಮನೆಯ ಮುಂದೆ, ಅಲ್ಲಿ ಮಲಗಿದ್ದ ಕೆಂಚನಿಗೆ ಬೆನ್ನು ಹಾಕಿ ಕೂತಳು. ಕರೆಯಲಿಲ್ಲ, ತಿರುಗಲಿಲ್ಲ. ನಾನು ಬದುವಿನ ಮೇಲೆ ನಿಂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಕೆಂಚ ಹೊಟ್ಟೆ ಎಳೆಯುತ್ತಾ ಬಂದ. ಅವಳ ಹತ್ತಿರ ನಿಂತು ಒಂದು ಕಿವಿ ಓರೆ ಮಾಡಿದ, ಬೇಲಿಯ ಮುಂದೆ ಮಾಡುವ ಹಾಗೆಯೇ. ಅವಳೊಳಗೆ ಟಿಕ್ ಟಿಕ್ ಇದೆಯೇ ಎಂದು ಕೇಳಿಸಿಕೊಂಡ. ಇರಲಿಲ್ಲ. ಮುದ್ದೆಗೆ ಬಾಯಿ ಹಾಕಿದ. ಇಷ್ಟು ವರ್ಷ ಅವಳ ಜೊತೆ ಬಾಳಿದ ನಾನು ಒಮ್ಮೆಯಾದರೂ ಹಾಗೆ ಕಿವಿಗೊಟ್ಟಿದ್ದುಂಟೆ?

ಅವತ್ತೇ ನಮ್ಮ ಜಗಲಿಗೂ ಒಂದು ಒದ್ದೆ ಗೋಣಿ ಕಟ್ಟಿದಳು. ಕೆಂಚ ಈಗ ಅದರಡಿಯೇ ಮಲಗುತ್ತಾನೆ. ಅವನಿಗೆ ಬೇಕಿದ್ದದ್ದು ಅಷ್ಟೇ.

ಪಟ್ಟಿ ಅಟ್ಟ ಸೇರಿದೆ. ರಿಮೋಟನ್ನು ಅವಳು ಗೋಡೆಯ ಗೂಡಿನಲ್ಲಿ ನನ್ನ ಬಿಪಿ ಮಾತ್ರೆಯ ಪಕ್ಕ ಇಟ್ಟುಕೊಂಡಿದ್ದಾಳೆ. ನಾನು ಬಸ್‌ಸ್ಟಾಪಿನ ಬೋಂಡದಂಗಡಿಯ ಕಡೆ ಹೊರಟರೆ ಸಾಕು, ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸುತ್ತಾಳೆ. ನಾನು ಹಿಂದಿರುಗಿ ಗೋಣಿಯಡಿ ಕೂರುತ್ತೇನೆ. ಕೆಂಚ ಒಂದಿಷ್ಟು ಸರಿದು ಜಾಗ ಬಿಡುತ್ತಾನೆ.